ಗುಲಾಮಗಿರಿಯನ್ನು ಮುಟ್ಟುವುದಿಲ್ಲ ಎಂದು ಲಿಂಕನ್ ಹೇಳಿದ್ದರೂ ದಕ್ಷಿಣದವರು ಒಕ್ಕೂಟದಿಂದ ಏಕೆ ಹೊರನಡೆದರು?

ಅಮೆರಿಕದ ಅಂತರ್ಯುದ್ಧದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ ಅದಕ್ಕೆ ಕೈಹಾಕುವುದಿಲ್ಲ ಎಂದು ಲಿಂಕನ್ ಹೇಳಿದ್ದು ನಿಜ. ಆದರೆ ಗುಲಾಮರನ್ನು ದುಡಿಸುತ್ತಿದ್ದ ದಕ್ಷಿಣದ ತೋಟದ ಒಡೆಯರಿಗೆ ಅಷ್ಟು ಸಾಲುತ್ತಿರಲಿಲ್ಲ. ಗುಲಾಮಗಿರಿ ಮುಂದೆ ಎಲ್ಲೆಲ್ಲಿಗೆ ಹಬ್ಬಬೇಕು ಎಂಬುದೇ ದೊಡ್ಡ ಜಗಳ. ಅವರ ನಕ್ಷೆಯಲ್ಲಿ ಕ್ಯೂಬಾ, ನಿಕರಾಗುವಾ ಕೂಡ ಇದ್ದವು.

ಮೊದಲು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಲೆಕ್ಕ ನೋಡಬೇಕು. ಕೆಳಮನೆಯಲ್ಲಿ ಜನಸಂಖ್ಯೆಯ ಮೇಲೆ ಸ್ಥಾನ, ಹಾಗಾಗಿ ಅಲ್ಲಿ ಉತ್ತರದ್ದೇ ಮೇಲುಗೈ. ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರೇ. 1850ರಲ್ಲಿ ಗುಲಾಮಗಿರಿ ಇದ್ದ ಕಡೆ 15, ಇಲ್ಲದ ಕಡೆ 15 ರಾಜ್ಯಗಳಿದ್ದವು. ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಸೇರಿದ್ದೇ ತಕ್ಕಡಿ ಒಂದು ಕಡೆ ವಾಲಿತು. ಸ್ಪೇನ್ ಕೈಯಲ್ಲಿದ್ದ ಕ್ಯೂಬಾದಲ್ಲಿ ಕಬ್ಬಿನ ತೋಟಗಳೂ ಇದ್ದವು, ಗುಲಾಮರೂ ಇದ್ದರು. ಅದು ರಾಜ್ಯವಾದರೆ ಇನ್ನಿಬ್ಬರು ಸೆನೆಟರ್‌ಗಳು ಸಿಕ್ಕಂತೆ. ಸ್ಪೇನ್ ಅಲ್ಲಿನ ಗುಲಾಮರನ್ನು ಬಿಡುಗಡೆ ಮಾಡಿದರೆ ಗುಲಾಮರೇ ದಂಗೆಯೆದ್ದು ಅಧಿಕಾರ ಹಿಡಿದಿದ್ದ ಹೈಟಿಯಂಥ ಇನ್ನೊಂದು ದೇಶ ಪಕ್ಕದಲ್ಲೇ ಹುಟ್ಟುತ್ತದೆಂಬ ಭಯವೂ ಅವರಿಗಿತ್ತು.

1848ರಲ್ಲಿ ಅಧ್ಯಕ್ಷ ಪೋಕ್ ಕ್ಯೂಬಾಕ್ಕೆ 10 ಕೋಟಿ ಡಾಲರ್ ಕೊಡಲು ಮುಂದಾದರು, ಸ್ಪೇನ್ ಒಪ್ಪಲಿಲ್ಲ. 1854ರ ಅಕ್ಟೋಬರ್‌ನಲ್ಲಿ ಬ್ಯುಕ್ಯಾನನ್, ಮೇಸನ್, ಸೂಲೆ ಎಂಬ ಅಮೆರಿಕದ ಮೂವರು ರಾಯಭಾರಿಗಳು ಬೆಲ್ಜಿಯಂನ ಒಸ್ಟೆಂಡ್‌ನಲ್ಲಿ ಸೇರಿ, 12 ಕೋಟಿಯವರೆಗೂ ಕೊಡೋಣ, ಮಾರದಿದ್ದರೆ ಕಿತ್ತುಕೊಂಡರೂ ನ್ಯಾಯವೇ ಎಂಬರ್ಥದ ವರದಿ ಕಳಿಸಿದರು. ಹೊತ್ತು ಮಾತ್ರ ಕೆಟ್ಟದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಕಾನ್ಸಸ್-ನೆಬ್ರಾಸ್ಕಾ ಕಾಯ್ದೆ ಪಶ್ಚಿಮದ ನೆಲವನ್ನು ಗುಲಾಮಗಿರಿಗೆ ತೆರೆದಿತ್ತು, ಉತ್ತರ ಕುದಿಯುತ್ತಿತ್ತು. ವರದಿ ಬಯಲಾದಾಗ ಅಧ್ಯಕ್ಷ ಪಿಯರ್ಸ್ ಹಿಂದೆ ಸರಿದರು. 1856ರಲ್ಲಿ ಲಿಂಕನ್‌ರ ಪಕ್ಷದವರಾದ ರಿಪಬ್ಲಿಕನ್ನರು ತಮ್ಮ ಪ್ರಣಾಳಿಕೆಯಲ್ಲಿ ಅದನ್ನು ದಾರಿಗಳ್ಳರ ವಾದವೆಂದು ಜರೆದರು. ಆದರೆ ಚುನಾವಣೆ ಗೆದ್ದವರು ಅದಕ್ಕೆ ಸಹಿ ಹಾಕಿದ ಬ್ಯುಕ್ಯಾನನ್!

ಖಾಸಗಿ ದಂಡಯಾತ್ರೆಗಳೂ ನಡೆದವು. ವಿಲಿಯಂ ವಾಕರ್ ಎಂಬ ಅಮೆರಿಕನ್ ಸಾಹಸಿ ಮಧ್ಯ ಅಮೆರಿಕದ ನಿಕರಾಗುವಾ ಹಿಡಿದು 1856ರಲ್ಲಿ ಅಧ್ಯಕ್ಷನಾದ, ಗುಲಾಮಗಿರಿ ನಿಷೇಧವನ್ನು ರದ್ದುಮಾಡಿದ. ಮರುವರ್ಷವೇ ಮಧ್ಯ ಅಮೆರಿಕದ ಸೇನೆಗಳು ಅವನನ್ನು ಓಡಿಸಿದವು.

ಈ ಇಡೀ ಹಟ 1860ರ ಡಿಸೆಂಬರ್‌ನಲ್ಲಿ ಎರಡೇ ಪದಗಳಿಗೆ ಬಂದು ನಿಂತಿತು. ರಾಜಿಗಾಗಿ ಸೆನೆಟರ್ ಕ್ರಿಟೆಂಡೆನ್ ಮುಂದಿಟ್ಟ ತಿದ್ದುಪಡಿಯ ಪ್ರಕಾರ 36 ಡಿಗ್ರಿ 30 ನಿಮಿಷ ಉತ್ತರ ಅಕ್ಷಾಂಶ ರೇಖೆಯ ದಕ್ಷಿಣದ ಪ್ರದೇಶಗಳಲ್ಲಿ ಗುಲಾಮಗಿರಿಗೆ ರಕ್ಷಣೆ. ಈಗಿರುವ ನೆಲಕ್ಕಷ್ಟೇ ಅಲ್ಲ, "ಮುಂದೆ ಪಡೆಯುವ" ನೆಲಕ್ಕೂ. ಆಗಷ್ಟೇ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಲಿಂಕನ್ ಪಟ್ಟು ಬಿಡದ್ದು ಇಲ್ಲೇ. ಇದಕ್ಕೆ ಒಪ್ಪಿದರೆ ಒಂದು ವರ್ಷದೊಳಗೆ ದಕ್ಷಿಣದವರು, ಒಕ್ಕೂಟದಲ್ಲಿ ಉಳಿಯಬೇಕಾದರೆ ಕ್ಯೂಬಾ ಬೇಕು ಎನ್ನುತ್ತಾರೆ ಎಂದು 1861ರ ಜನವರಿಯ ಪತ್ರವೊಂದರಲ್ಲಿ ಬರೆದರು. ಅವರ ಅನುಮಾನ ಆಧಾರವಿಲ್ಲದ್ದಲ್ಲ. ಬೇರೆಯಾದ ರಾಜ್ಯಗಳು ಮಾರ್ಚ್‌ನಲ್ಲಿ ಬರೆದುಕೊಂಡ ಸಂವಿಧಾನದಲ್ಲಿ ಹೊಸ ನೆಲ ಪಡೆಯುವ ಅಧಿಕಾರವಿತ್ತು, ಅಲ್ಲೆಲ್ಲ ಗುಲಾಮಗಿರಿಯನ್ನು ಕಾಪಾಡಬೇಕೆಂಬ ಕಲಮೂ ಇತ್ತು.