ಗ್ರೂಪ್ ರೈಡಿನ ವೇಗವನ್ನು ಕೊನೆಯ ಬೈಕಿನಿಂದ ಲೆಕ್ಕ ಹಾಕಿ

20 ಬೈಕು ಸಾಲಾಗಿ ಹೊರಟರೆ ನೋಡುವವರಿಗೆ ಚೆಂದ. ಆ ಸಾಲಿನ ಕೊನೆಯಲ್ಲಿ ಓಡಿಸುವವರನ್ನು ಕೇಳಿ ನೋಡಿ. ಮುಂದೆ ಲೀಡ್ (ಸಾಲಿನ ಮೊದಲ ರೈಡರ್) 80ರಲ್ಲಿ ಆರಾಮಾಗಿ ಹೋಗುತ್ತಿದ್ದರೆ ಕೊನೆಯವರು ಒಮ್ಮೆ 100, ಒಮ್ಮೆ 40, ಮತ್ತೆ 100. ಇದಕ್ಕೆ ನಮ್ಮ ರಸ್ತೆಗಳಲ್ಲಿ ಮುಖ್ಯ ಕಾರಣ ಹಂಪು. ಲೀಡ್ ಹಂಪು ದಾಟಿದ ಕೂಡಲೇ ವೇಗ ಏರಿಸುತ್ತಾರೆ. ಕೊನೆಯ ಬೈಕು ಇನ್ನೂ ಹಂಪಿನ ಈಚೆ ಬ್ರೇಕ್ ಹಿಡಿದಿರುತ್ತದೆ. ನಡುವೆ ಬರೀ 100 ಮೀಟರ್ ಅಂತರ ಹೆಚ್ಚಾಯಿತು ಅಂದುಕೊಳ್ಳಿ. 80ರಲ್ಲಿ ಹೋಗುತ್ತಿರುವ ಲೀಡನ್ನು 100ರಲ್ಲಿ ಓಡಿಸಿ ಹಿಡಿಯಲು 18 ಸೆಕೆಂಡು ಬೇಕು, ಅಂದರೆ ಅರ್ಧ ಕಿಲೋಮೀಟರ್ ರಸ್ತೆ. ಆ ಅರ್ಧ ಕಿಲೋಮೀಟರಿನೊಳಗೆ ಇನ್ನೊಂದು ಹಂಪು, ಒಂದು ಹಳ್ಳಿ, ಅಡ್ಡ ಬರುವ ಹಸು ಎಲ್ಲವೂ ಇರಬಹುದು.

ಹಾಗಾಗಿ ಲೀಡ್ ಮಾಡುವವರಿಗೆ ಮೊದಲು ಕಲಿಸಬೇಕಾದದ್ದು ಇದು: ಹಂಪು, ಟೋಲ್, ಸಿಗ್ನಲ್ ಯಾವುದೇ ದಾಟಿದರೂ ಸ್ವೀಪ್ ಬೈಕಿನ ಹೆಡ್‌ಲೈಟ್ ಕನ್ನಡಿಯಲ್ಲಿ ಕಾಣುವ ತನಕ 50ರಲ್ಲೇ ಇರಿ. ಸ್ವೀಪ್ ಅಂದರೆ ಸಾಲಿನ ಕಟ್ಟಕಡೆಯ ರೈಡರ್, ಗುಂಪಿನ ಅತಿ ಅನುಭವಿ. ಅನೇಕ ಕ್ಲಬ್ಬುಗಳು ಚೆನ್ನಾಗಿ ಓಡಿಸುವವರನ್ನೆಲ್ಲ ಮುಂದೆ ಬಿಟ್ಟು, ಹಿಂದೆ ಯಾರಾದರೂ ಇದ್ದರಾಯಿತು ಅಂದುಕೊಳ್ಳುತ್ತವೆ. ಅದು ತಪ್ಪು. ಪಂಕ್ಚರ್, ಸುಸ್ತು, ಬಿದ್ದವರು, ದಾರಿ ತಪ್ಪಿದವರು ಎಲ್ಲ ಮೊದಲು ಸಿಗುವುದು ಸ್ವೀಪಿಗೆ.

ಒಂದು ಗುಂಪಿನಲ್ಲಿ 6 ಬೈಕು, ಹೆಚ್ಚೆಂದರೆ 7. 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತೇವೆ. ಒಬ್ಬರಿಂದೊಬ್ಬರಿಗೆ ಒಂದು ಸೆಕೆಂಡು ಬಿಟ್ಟರೂ 6 ಬೈಕಿನ ಸಾಲು 110 ಮೀಟರ್ ಉದ್ದ. ಅಷ್ಟನ್ನು ಲೀಡ್ ಕನ್ನಡಿಯಲ್ಲಿ ನೋಡಬಹುದು. 20 ಬೈಕಿನ ಸಾಲು 400 ಮೀಟರ್ ಮೀರುತ್ತದೆ, ಅದನ್ನು ಯಾರೂ ಲೀಡ್ ಮಾಡಲಾರರು. 20 ಜನ ಬಂದರೆ ಮೂರು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಲೀಡ್, ಬೇರೆ ಸ್ವೀಪ್. 10 ನಿಮಿಷ ಬಿಟ್ಟು ಒಂದೊಂದೇ ಹೊರಡಲಿ, ತಿಂಡಿಗೆ ಎಲ್ಲರೂ ಸೇರಲಿ. ಒಟ್ಟಿಗೆ ಹೋಗುವ ಮಜಾ ಹೋಯಿತು ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಆ ಮಾತಿಗೆ ಮಣಿಯಬೇಡಿ.

ಉದಾಹರಣೆಗೆ ಬೆಂಗಳೂರಿನಿಂದ ಸಕಲೇಶಪುರದ ರೈಡನ್ನೇ ತೆಗೆದುಕೊಳ್ಳೋಣ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ ದಾಟಿ ಸುಮಾರು 220 ಕಿಲೋಮೀಟರ್. ಟ್ಯಾಂಕ್ ಹಿಂದಿನ ದಿನವೇ ತುಂಬಿಸಿಕೊಂಡು ಬರಬೇಕು. ಬೆಳಗ್ಗೆ ಒಬ್ಬೊಬ್ಬರೇ ಬಂಕಿಗೆ ಹೋದರೆ ಅರ್ಧ ಗಂಟೆ ಹೋಯಿತು. ಮುಂದಿನ ಪೆಟ್ರೋಲ್ ನಿಲುಗಡೆಯನ್ನು ಗುಂಪಿನ ಅತಿ ಚಿಕ್ಕ ಟ್ಯಾಂಕ್ ನೋಡಿ ಇಡಿ, ಆಗ ಎಲ್ಲರೂ ತುಂಬಿಸಲಿ. ಮೊದಲ ನಿಲುಗಡೆ ಬೇಗ ಇರಲಿ, ಕುಣಿಗಲ್ ಆಸುಪಾಸು. ಸಡಿಲವಾದ ಲಗೇಜು, ಬಿಗಿಯಾದ ಹೆಲ್ಮೆಟ್, ಗಾಳಿ ಕಮ್ಮಿಯಾದ ಟೈರು ಮೊದಲ ಒಂದು ಗಂಟೆಯಲ್ಲೇ ಗೊತ್ತಾಗುತ್ತವೆ. ಆಮೇಲೆ 70-80 ಕಿಲೋಮೀಟರಿಗೊಮ್ಮೆ ನಿಂತರೆ ಸಾಕು. ದಾರಿಯ ಆಸ್ಪತ್ರೆಗಳನ್ನೂ ಲೀಡ್ ಮತ್ತು ಸ್ವೀಪ್ ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು: ಬೆಳ್ಳೂರು ಕ್ರಾಸ್ ಹತ್ತಿರ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಹಾಸನದ ಹಿಮ್ಸ್, ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ.

ಮೈಸೂರು ಕಡೆ ಪ್ಲಾನ್ ಮಾಡುವವರು ನೆನಪಿಡಿ, ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯೇ ಗತಿ, ಸಮಯವನ್ನು ಅದಕ್ಕೆ ತಕ್ಕಂತೆ ಹಾಕಿ. ಬಂಡೀಪುರ ದಾಟುವ ರೈಡಾದರೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. 9ರೊಳಗೆ ಗೇಟು ಸೇರಬೇಕೆಂದು ಕತ್ತಲಲ್ಲಿ ಗುಂಪನ್ನು ಓಡಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಹೊರಡುವ ಜಾಗದಲ್ಲಿ ಬೈಕುಗಳನ್ನು ಒಂದು ಸುತ್ತು ನೋಡಲು 10 ನಿಮಿಷ ಸಾಕು. ಟೈರಿನ ಗಾಳಿ (ತಣ್ಣಗಿರುವಾಗಲೇ ನೋಡಬೇಕು), ಸವೆತ, ಚೈನಿನ ಸಡಿಲ, ಬ್ರೇಕ್ ಪ್ಯಾಡ್, ಬ್ರೇಕ್ ಲೈಟು, ಇಂಡಿಕೇಟರು. ಬ್ರೇಕ್ ಲೈಟು ಉರಿಯದ ಬೈಕನ್ನು ಗುಂಪಿಗೆ ಸೇರಿಸಲೇಬೇಡಿ; ಹಿಂದಿನವರಿಗೆ ಸಿಗುವ ಮೊದಲ ಸೂಚನೆ ಅದೊಂದೇ. ಸ್ವೀಪ್ ಬ್ಯಾಗಿನಲ್ಲಿ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಗಾಳಿ ತುಂಬುವ ಪಂಪು, ಕ್ಲಚ್ ಕೇಬಲ್, ಕ್ಲಚ್ ಮತ್ತು ಬ್ರೇಕ್ ಲಿವರ್, ಫ್ಯೂಸು, ಕೇಬಲ್ ಟೈ, ಇನ್ಸುಲೇಷನ್ ಟೇಪು, ಟಾರ್ಚು. ಸ್ಪೋಕ್ ಚಕ್ರದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಟ್ಯೂಬ್ ಇರುತ್ತದೆ, ಅವಕ್ಕೆ ಆ ಕಿಟ್ಟು ಉಪಯೋಗವಿಲ್ಲ. ಅಂಥ ಬೈಕಿನವರು ತಮ್ಮ ಅಳತೆಯ ಟ್ಯೂಬನ್ನೂ ಆ್ಯಕ್ಸಲ್ ನಟ್ಟಿಗೆ ಕೂರುವ ಸ್ಪ್ಯಾನರನ್ನೂ ತಾವೇ ತರಬೇಕು. ಹಿಂಬದಿ ಕೂರುವವರಿಗೂ ಐಎಸ್ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಗಿಣ್ಣು ಮುಚ್ಚುವ ಶೂ. ರಾತ್ರಿ ಕುಡಿದು ಬೆಳಗ್ಗೆ ವಾಸನೆ ಹೊಡೆಯುವವರನ್ನು ಮನೆಗೆ ಕಳಿಸಿ, ಕ್ಲಬ್ಬಿನ ಅಧ್ಯಕ್ಷರಾದರೂ ಸರಿ.

ಬ್ರೀಫಿಂಗ್ ಚಿಕ್ಕದಾಗಿರಲಿ, ಎಂಜಿನ್ ಆಫ್ ಮಾಡಿಸಿ, ಹೆಲ್ಮೆಟ್ ತೆಗೆಸಿ ಹೇಳಿ. ಎಲ್ಲಿ ನಿಲ್ಲುತ್ತೇವೆ, ಯಾರ ಹಿಂದೆ ಯಾರು, ಸನ್ನೆಗಳೇನು, ತಪ್ಪಿಸಿಕೊಂಡರೆ ಏನು ಮಾಡಬೇಕು. ಕೊನೆಯದನ್ನು ಎರಡು ಸಲ ಹೇಳಿ: ಮುಂದಿನವರು ಕಾಣದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ನಿಮ್ಮ ವೇಗದಲ್ಲೇ ನೇರ ರಸ್ತೆಯಲ್ಲಿ ಮುಂದುವರಿಯಿರಿ, ತಿರುವು ಇದ್ದರೆ ಅಲ್ಲಿ ನಾವು ನಿಂತಿರುತ್ತೇವೆ. ಈ ಭರವಸೆ ಇದ್ದಾಗ ಮಾತ್ರ ಹಿಂದಿನವರು ನಿಧಾನವಾಗಿ ಓಡಿಸುತ್ತಾರೆ.

ಆ ಭರವಸೆ ಉಳಿಸಿಕೊಳ್ಳಲು ಇರುವ ವ್ಯವಸ್ಥೆ ಸರಳ. ಪ್ರತಿ ತಿರುವಿನಲ್ಲಿ ಎರಡನೆಯ ಜಾಗದ ರೈಡರ್ ನಿಂತು ದಾರಿ ತೋರಿಸುತ್ತಾರೆ, ಸ್ವೀಪ್ ಬಂದ ಮೇಲೆ ಸ್ವೀಪಿನ ಮುಂದೆ ಸೇರಿಕೊಳ್ಳುತ್ತಾರೆ. ನೆಲಮಂಗಲವನ್ನೇ ನೋಡಿ, ತುಮಕೂರು ದಾರಿ ಒಂದು ಕಡೆ, ಹಾಸನದ ದಾರಿ ಎಡಕ್ಕೆ. ಒಂದು ಲಾರಿ ನಡುವೆ ಬಂದರೆ ಸಾಕು, ಹಿಂದಿನ ಮೂವರು ತುಮಕೂರಿನ ಕಡೆಗೆ ಹೋಗಿಬಿಡುತ್ತಾರೆ. ಅಲ್ಲಿ ನಿಲ್ಲುವವರು ತಿರುವಿನ ಬಾಯಲ್ಲಿ ನಿಲ್ಲಬಾರದು. ತಿರುಗಿದ ಮೇಲೆ, ಬಿಳಿ ಗೆರೆಯ ಎಡಕ್ಕೆ ಪೂರ್ತಿ ಇಳಿದು, ಬರುವವರಿಗೆ 100 ಮೀಟರ್ ದೂರದಿಂದಲೇ ಕಾಣುವ ಹಾಗೆ ನಿಲ್ಲಬೇಕು. ಹೊಸಬರಿಗೆ ಈ ಕೆಲಸ ಬೇಡ. ಅವರನ್ನು ಮೂರನೇ ಜಾಗದಲ್ಲಿಡಿ, ಎರಡನೆಯವರು ನಿಂತ ಮೇಲೆ ನಾಲ್ಕನೇ ಜಾಗದ ಅನುಭವಿಯನ್ನು ಮುಂದೆ ಕರೆಸಿಕೊಳ್ಳಿ.

ನಾಲ್ಕು ಪಥದ ಹೆದ್ದಾರಿಯಲ್ಲಿ ಓರೆ ಸಾಲು. ನಮ್ಮಲ್ಲಿ ಎಡಕ್ಕೆ ಓಡಿಸುವುದರಿಂದ ಲೀಡ್ ತಮ್ಮ ಲೇನಿನ ಬಲಭಾಗದಲ್ಲಿರುತ್ತಾರೆ, ಮುಂದಿನ ರಸ್ತೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಎರಡನೆಯವರು ಎಡಭಾಗದಲ್ಲಿ ಒಂದು ಸೆಕೆಂಡು ಹಿಂದೆ, ಮೂರನೆಯವರು ಲೀಡಿನ ನೇರ ಹಿಂದೆ ಎರಡು ಸೆಕೆಂಡು ದೂರದಲ್ಲಿ. ಮಳೆಯಲ್ಲಿ ಇದನ್ನು ಎರಡರಷ್ಟು ಮಾಡಿ. ಅಕ್ಕಪಕ್ಕ ಓಡಿಸುವುದು ಮಾತ್ರ ಬೇಡವೇ ಬೇಡ. ಗುಂಡಿ ಬಂದಾಗ ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗ ಇರುವುದಿಲ್ಲ. ಹಳ್ಳಿ, ಹಂಪು, ಘಾಟಿ, ಮಂಜು ಎಲ್ಲಿ ಬಂದರೂ ಲೀಡ್ ಎಡಗೈ ಎತ್ತಿ ಒಂದು ಬೆರಳು ತೋರಿಸಿದರೆ ಒಂದೇ ಸಾಲು. ಅಂಗೈ ಕೆಳಗೆ ಮಾಡಿ ಅಲ್ಲಾಡಿಸಿದರೆ ನಿಧಾನ. ಎಡಕ್ಕೆ ಗುಂಡಿ, ಮರಳು ಇದ್ದರೆ ಎಡಗೈ, ಬಲಕ್ಕಿದ್ದರೆ ಬಲಗಾಲು ಚಾಚಿ ತೋರಿಸುವುದು. ಪೆಟ್ರೋಲ್ ಬೇಕಾದರೆ ಟ್ಯಾಂಕ್ ಕಡೆ ಬೆರಳು. ಸನ್ನೆಯನ್ನು ಪ್ರತಿಯೊಬ್ಬರೂ ಹಿಂದಿನವರಿಗೆ ದಾಟಿಸಬೇಕು, ಆದರೆ ಬ್ರೇಕ್ ಹಿಡಿಯುವ ಹೊತ್ತಿನಲ್ಲಿ ಕೈ ಹ್ಯಾಂಡಲ್ ಮೇಲೇ ಇರಲಿ. ಸುಗ್ಗಿಯ ತಿಂಗಳುಗಳಲ್ಲಿ ಒಳರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಬಿದ್ದಿರಿ. ನೇರವಾಗಿ, ಬ್ರೇಕ್ ಮುಟ್ಟದೆ, ನಿಧಾನವಾಗಿ ದಾಟಬೇಕು.

ಓವರ್‌ಟೇಕ್ ವಿಷಯದಲ್ಲಿ ಗುಂಪು ಅನ್ನುವುದೇ ಇಲ್ಲ. 60ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟಲು ಒಂದು ಬೈಕಿಗೆ 9 ಸೆಕೆಂಡು, 200 ಮೀಟರ್ ಬೇಕು. ಎದುರಿನಿಂದ ಕಾರು 80ರಲ್ಲೇ ಬರುತ್ತಿದ್ದರೆ ಅದೂ ಅಷ್ಟೇ ದೂರ ಬಂದಿರುತ್ತದೆ. ಅಂದರೆ ಎರಡು ಪಥದ ರಸ್ತೆಯಲ್ಲಿ 400 ಮೀಟರಿಗಿಂತ ಹೆಚ್ಚು ಖಾಲಿ ಕಾಣಬೇಕು, ಅದೂ ಒಬ್ಬರಿಗೆ. ಲೀಡ್ ನೋಡಿದ ಖಾಲಿ ರಸ್ತೆ ಮೂರನೆಯವರ ಹೊತ್ತಿಗೆ ಖಾಲಿ ಇರುವುದಿಲ್ಲ. 'ಬನ್ನಿ ಬನ್ನಿ' ಎಂದು ಕೈ ಬೀಸುವುದನ್ನು ಕ್ಲಬ್ಬಿನಲ್ಲಿ ನಿಷೇಧಿಸಿ. ದಾಟಿದವರು ಅದೇ ವೇಗದಲ್ಲಿ ಸ್ವಲ್ಪ ಮುಂದೆ ಹೋಗಿ ಹಿಂದಿನವರಿಗೆ ಜಾಗ ಬಿಡಬೇಕು. ಲಾರಿಯ ಮೂತಿಗೇ ಸೇರಿ ನಿಧಾನ ಮಾಡಿದರೆ ಹಿಂದೆ ಬರುವವರು ಎದುರು ಲೇನಿನಲ್ಲೇ ಸಿಕ್ಕಿಕೊಳ್ಳುತ್ತಾರೆ.

ಸಕಲೇಶಪುರದಿಂದ ಬಿಸಿಲೆ ಕಡೆಗೆ ಇಳಿದರೆ ಕಿರಿದಾದ ರಸ್ತೆ, ಪಾಚಿ, ತಿರುವಿನಲ್ಲಿ ಬಿದ್ದ ಡೀಸೆಲ್. ಇಲ್ಲಿ ಸಾಲು ಚದುರಲಿ, ಎರಡು ಬೈಕಿನ ನಡುವೆ ನಾಲ್ಕೈದು ಸೆಕೆಂಡು ಇರಲಿ. ಮುಂದಿನವರ ಟೈಲ್ ಲ್ಯಾಂಪ್ ನೋಡಿಕೊಂಡೇ ತಿರುವಿಗೆ ನುಗ್ಗಿದರೆ ಅವರ ವೇಗ ನಿಮ್ಮದಾಗುತ್ತದೆ, ಅವರ ಅನುಭವ ನಿಮ್ಮದಾಗುವುದಿಲ್ಲ. ಬಲತಿರುವಿನಲ್ಲಿ ಚಕ್ರ ನಿಮ್ಮ ಲೇನಿನಲ್ಲೇ ಇದ್ದರೂ ಬೈಕು ವಾಲಿದಾಗ ತಲೆ ಮಧ್ಯದ ಗೆರೆ ದಾಟಿರುತ್ತದೆ. ಎದುರು ಬಸ್ಸು ಬರುವ ಜಾಗ ಅದು, ಗೆರೆಯಿಂದ ಒಂದು ಮೀಟರಾದರೂ ಎಡಕ್ಕಿರಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಡಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಹೋಗುತ್ತದೆ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟವಿದೆ. ಕಂಡರೆ ದೂರದಲ್ಲೇ ನಿಲ್ಲಿ, ಹಾರ್ನ್ ಬೇಡ, ಫೋಟೋ ಬೇಡ, ಬೈಕು ಹಿಂದಕ್ಕೆ ತಿರುಗಿಸಿಡಿ. ಕತ್ತಲಾಗುವ ಮುಂಚೆ ಆ ಭಾಗ ಬಿಡುವಂತೆ ಸಮಯ ಹಾಕಿಕೊಳ್ಳಿ.

ಯಾರಾದರೂ ಬಿದ್ದರೆ ಎಲ್ಲರೂ ಅವರ ಹತ್ತಿರ ಓಡುತ್ತಾರೆ, ಹಿಂದಿನಿಂದ ಬರುವ ವಾಹನ ಎರಡನೇ ಅಪಘಾತ ಮಾಡುತ್ತದೆ. ಅದಕ್ಕೆ ಬ್ರೀಫಿಂಗಿನಲ್ಲೇ ಕೆಲಸ ಹಂಚಿರಬೇಕು. ಇಬ್ಬರು 100 ಮೀಟರ್ ಹಿಂದೆ, ರಸ್ತೆಯ ಅಂಚಿನಿಂದಲೇ ಟ್ರಾಫಿಕ್ ನಿಧಾನ ಮಾಡಿಸಲಿ, ಒಬ್ಬರು 112 ಅಥವಾ 108ಕ್ಕೆ ಫೋನ್ ಮಾಡಲಿ (ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ), ಸ್ವೀಪ್ ಬಿದ್ದವರ ಬಳಿ ಇರಲಿ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಪ್ರತಿಯೊಬ್ಬರ ಜಾಕೆಟಿನ ಎಡಜೇಬಿನಲ್ಲಿ ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ, ಮನೆಯವರ ನಂಬರ್ ಬರೆದ ಚೀಟಿ ಇರಲಿ. ಫೋನ್ ಲಾಕ್ ಆಗಿರುತ್ತದೆ, ಚೀಟಿಗೆ ಲಾಕಿಲ್ಲ. ದಾರಿಹೋಕರು ಸಹಾಯ ಮಾಡಲು ಹಿಂಜರಿದರೆ ತಿಳಿಸಿ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ವಾಪಸು ಬರುವಾಗ ಸುಸ್ತು, ಕುಣಿಗಲ್ ದಾಟಿದ ಮೇಲೆ ಭಾನುವಾರ ಸಂಜೆಯ ಟ್ರಾಫಿಕ್ಕು. ನಗರದೊಳಗೆ ಗುಂಪಾಗಿ ನುಗ್ಗಬೇಡಿ. ನೆಲಮಂಗಲಕ್ಕೆ ಮುಂಚೆ ಒಂದು ಕಡೆ ನಿಂತು, ಚಹಾ ಕುಡಿದು, ಅಲ್ಲೇ ರೈಡ್ ಮುಗಿಯಿತೆಂದು ಹೇಳಿ ಚದುರಿ. ಮನೆ ಸೇರಿದವರೆಲ್ಲ ಗ್ರೂಪಿನಲ್ಲಿ 'ತಲುಪಿದೆ' ಎಂದು ಹಾಕಬೇಕು. ಸ್ವೀಪ್ ಪಟ್ಟಿ ಹಿಡಿದು ಟಿಕ್ ಹಾಕುತ್ತಾರೆ. ಒಂದೂವರೆ ಗಂಟೆಯಾದರೂ ಸುದ್ದಿಯಿಲ್ಲದವರಿಗೆ ಮೊದಲು ಅವರ ಫೋನಿಗೆ, ಎತ್ತದಿದ್ದರೆ ಮನೆಯವರಿಗೆ ಕರೆ ಮಾಡುತ್ತಾರೆ.