ಬಿರುಕಿನ ವಯಸ್ಸು

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು 2016ರ ಭಾರತೀಯ ಮಾನಕದ ಭೂಕಂಪ ನಕ್ಷೆಯಲ್ಲಿ ಕನಿಷ್ಠ ಅಪಾಯದ ಎರಡನೆಯ ವಲಯಕ್ಕೆ ಸೇರಿವೆ. ಹೀಗಾಗಿ ನಮ್ಮ ಕೋಟೆ, ಗುಡಿ, ವಾಡೆಗಳ ವಿಚಾರದಲ್ಲಿ ಭೂಕಂಪದ ಮಾತೇ ಬೇಡವೆನ್ನುವವರು ಸಿಗುತ್ತಾರೆ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಕನಿಷ್ಠ ಅಪಾಯದ ವಲಯದಲ್ಲೇ ಇತ್ತು. ಅಲ್ಲಿ ಜನರ ಮೇಲೆ ಕುಸಿದದ್ದು ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಅವು ಹೊತ್ತಿದ್ದ ಮಣ್ಣಿನ ಮಾಳಿಗೆಗಳು. ನಮ್ಮ ಭಾಗದ ಹಳೆಯ ಮನೆಗಳಲ್ಲಿಯೂ ಅಂಥವು ಬೇಕಾದಷ್ಟಿವೆ.

ಇಂಥ ಗೋಡೆ ನೋಡಲು ಒಂದೇ ಆದರೂ ಒಳಗೆ ಎರಡು: ಹೊರಮೈಗೊಂದು ಸಾಲು, ಒಳಮೈಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲುಗಳನ್ನು ಅಡ್ಡಲಾಗಿ ಇಡದಿದ್ದರೆ, ನೆಲ ನಡುಗಿದಾಗ ಸಾಲುಗಳು ಪರಸ್ಪರ ಬಿಟ್ಟು ಉಬ್ಬುತ್ತವೆ. ಕಿಟಕಿಗಳ ನಡುವೆ ಓರೆಯಾಗಿ ಪರಸ್ಪರ ಕತ್ತರಿಸುವ ಬಿರುಕುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನನಗೆ ಮಾತ್ರ ಬಿರುಕೇ ಇಲ್ಲದೆ ಹೊಟ್ಟೆ ಬಿಟ್ಟುಕೊಂಡ ಗೋಡೆಯ ಭಯವೇ ಹೆಚ್ಚು. ಅದಕ್ಕೆ ತೂಗುಗುಂಡು ಇಳಿಬಿಟ್ಟು ಅಳೆಯಬೇಕು, ಮೆಲ್ಲಗೆ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಬೇಕು, ಮೂಲೆಗಳಲ್ಲಿ ಎರಡು ಗೋಡೆಗಳ ಬೆಸುಗೆ ಬಿಟ್ಟಿದೆಯೇ ಎಂದು ನೋಡಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಭೂಮಿ ಕಂಪಿಸದಿದ್ದರೂ ಗೋಡೆ ಸೀಳುತ್ತದೆ. ಆದಕಾರಣ ಬಿರುಕಿನ ಉದ್ದಕ್ಕಿಂತ ಅದರ ವಯಸ್ಸನ್ನು ಮೊದಲು ತಿಳಿಯಬೇಕು: ಹೊಸದರ ಅಂಚು ಚೂಪಾಗಿ, ಒಳಗಿನ ಬಣ್ಣ ತಾಜಾ ಇರುತ್ತದೆ, ಹಳೆಯದರಲ್ಲಿ ಧೂಳು, ಜೇಡರ ಬಲೆ, ಕೆಲವೊಮ್ಮೆ ಹಿಂದೆಂದೋ ಬಳಿದ ಸುಣ್ಣವೂ ಸಿಗುತ್ತದೆ.

1112ರಲ್ಲಿ ಕಟ್ಟಿದ, ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಲೆಕ್ಕ ಬೇರೆ, ರಾಯಚೂರು ಕೋಟೆಯಲ್ಲಿ ಗಾರೆಯಿಲ್ಲದೆ ಜೋಡಿಸಿದ ದೈತ್ಯಗಲ್ಲಿನ ಗೋಡೆಯದೂ ಬೇರೆ. ಅಲ್ಲಿ ಕಲ್ಲು ಸೀಳುವುದಕ್ಕಿಂತ ಮೊದಲು ಸಂದಿನಲ್ಲಿ ಜಾರುತ್ತದೆ. ಕಂಬ ನೆಟ್ಟಗಿದೆಯೇ, ತೊಲೆಯ ತುದಿ ಬೋದಿಗೆಯ, ಅಂದರೆ ಕಂಬದ ತಲೆಯ ಮೇಲಿನ ಕಲ್ಲಿನ, ಮೇಲೆ ಇನ್ನೂ ಸಾಕಷ್ಟು ಕೂತಿದೆಯೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಹಾನಿ ಕಂಡೊಡನೆ ಸಿಮೆಂಟ್ ಮೆತ್ತುವ ಚಾಳಿಯನ್ನಂತೂ ನಾನು ಒಪ್ಪಲಾರೆ, ಏಕೆಂದರೆ ಅದು ಸುಣ್ಣದ ಗಾರೆಗಿಂತ ಬಿರುಸಾಗಿ, ತೇವವನ್ನು ಒಳಗೇ ಕಟ್ಟಿಹಾಕುವುದಲ್ಲದೆ ಮುಂದಿನ ಪರಿಶೀಲನೆಗೆ ಬೇಕಾದ ಸಾಕ್ಷ್ಯವನ್ನೂ ಮುಚ್ಚಿಬಿಡುತ್ತದೆ.

ಹೀಗಾಗಿ ಹಾನಿಯ ಅಂದಾಜು ಕಂಪನಕ್ಕೆ ಮೊದಲೇ ಶುರುವಾಗಬೇಕು. ಪ್ರತಿ ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು, ಬೇಸಿಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅದರ ಅಗಲವನ್ನು ತಾರೀಖಿನೊಡನೆ ಬರೆದಿಟ್ಟರೆ, ಮುಂದೆ ಬರುವ ಎಂಜಿನಿಯರ್‌ಗೆ ಮಣ್ಣು ಮಾಡಿದ್ದು ಯಾವುದು, ಕಂಪನ ಮಾಡಿದ್ದು ಯಾವುದು ಎಂದು ಬೇರ್ಪಡಿಸಲು ಆಧಾರ ಸಿಗುತ್ತದೆ.