ನಡುವಿನಿಂದ ಓದಿದ ಕತ್ತಿ–ಮಂತ್ರದ ಕಥೆಗಳು

1986ರ ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನ ಅಂಚಿಗೆ ತಾಡಪತ್ರಿ ಹಾಸಿಕೊಂಡು ಹಳೆಯ ಪುಸ್ತಕ ಮಾರುತ್ತಿದ್ದವರೊಬ್ಬರ ಬಳಿ ಮೂರು ರೂಪಾಯಿ ಕೊಟ್ಟು ನಾನು ಕೊಂಡ ಮೊದಲ ಇಂಗ್ಲಿಷ್ ಪುಸ್ತಕ ‘ಕಾನನ್ ದಿ ಅಡ್ವೆಂಚರರ್’, ಕಾನನ್ ಎಂಬ ಅಲೆಮಾರಿ ಯೋಧನ ಕಥೆಗಳ ಸಂಕಲನ. ಆಗಷ್ಟೇ ಎಂಟನೆಯ ಇಯತ್ತೆ ಮುಗಿಸಿದ್ದ ನನಗೆ ಅದನ್ನು ಓದುವಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಕೊಂಡದ್ದು ಮುಖಪುಟಕ್ಕಾಗಿ. ಸತ್ತವರ ದಿಬ್ಬದ ಮೇಲೆ ಕತ್ತಿಯನ್ನು ಊರಿ ನಿಂತ ಒಬ್ಬ ಯೋಧ, ಅವನ ಹಿಂದೆ ಹೊಗೆಯಂಥ ಕೆಂಗಂದು ಆಕಾಶ. ಅದು ಫ್ರಾಂಕ್ ಫ್ರಜೆಟ್ಟಾ ಬರೆದ ಚಿತ್ರವೆಂದು ತಿಳಿಯಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ನಮ್ಮ ಓಣಿಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದ ಕಾಕಾ ಒಬ್ಬರಿದ್ದರು. ಅವರು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, “ತಮ್ಮಾ, ಈ ಮನಷ್ಯಾ ಬೆಳಕನ್ನ ಮೈಮ್ಯಾಲ ಅಷ್ಟ ಬಿಟ್ಟಾನ ನೋಡು, ಉಳಿದದ್ದೆಲ್ಲಾ ನಮ್ಮ ಕಣ್ಣಿಗೇ ಬಿಟ್ಟಾನ” ಎಂದಿದ್ದರು. ಫ್ರಜೆಟ್ಟಾ ಅವರ ಕಲೆಯನ್ನು ಕುರಿತು ನಾನು ಮುಂದೆ ಓದಿದ ಯಾವ ವಿಮರ್ಶೆಯೂ ಈ ಮಾತಿನಷ್ಟು ನನ್ನ ಮನಸ್ಸಿನಲ್ಲಿ ನಿಂತಿಲ್ಲ.

ಒಳಪುಟದ ಪಟ್ಟಿಯ ಪ್ರಕಾರ ಅದು ಹನ್ನೆರಡು ಸಂಪುಟಗಳ ಮಾಲೆಯಲ್ಲಿ ಐದನೆಯದು. ಹಿಂದಿನ ನಾಲ್ಕು ಎಲ್ಲಿವೆ ಎಂದು ಕೇಳಿದಾಗ ಮಾರುವವರು ನಕ್ಕು, “ಬಂದದ್ದ ಬರ್ತದ್ರಿ, ಬರಲಾರದ್ದು ಬರೂದಿಲ್ಲ” ಎಂದರು. ಅಂದಿನಿಂದ ಮುಂದಿನ ಆರೇಳು ವರ್ಷ ನಾನು ಈ ಕಥೆಗಳನ್ನು ಓದಿದ್ದು ಹಾಗೆಯೇ. ಐದರ ನಂತರ ಒಂಬತ್ತು, ಒಂಬತ್ತರ ನಂತರ ಎರಡು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಊರು ಬಿಟ್ಟವರ ಮನೆಗಳಿಂದ ಇಂಥ ಪೇಪರ್‌ಬ್ಯಾಕುಗಳು ರದ್ದಿಗೆ ಬರುತ್ತಿದ್ದವು, ಮತ್ತು ಯಾರ ಮನೆಯಲ್ಲೂ ಪೂರ್ತಿ ಮಾಲೆ ಇರುತ್ತಿರಲಿಲ್ಲ.

ನಡುವಿನಿಂದ ಓದುವುದು ನನಗೆ ಹೊಸದೇನೂ ಆಗಿರಲಿಲ್ಲ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ದ ಹಳೆಯ ಸಂಚಿಕೆಗಳು ನಮ್ಮ ಮನೆಯ ಅಟ್ಟದಲ್ಲಿದ್ದವು, ಅವುಗಳಲ್ಲಿ ಅರ್ಧ ತಿಂಗಳುಗಳು ಇರಲೇ ಇಲ್ಲ. ಧಾರಾವಾಹಿಯ ರಾಜಕುಮಾರ ಮಾಂತ್ರಿಕನ ಗುಹೆಯ ಬಾಗಿಲಲ್ಲಿ ನಿಂತಲ್ಲಿಗೆ ಒಂದು ಸಂಚಿಕೆ ಮುಗಿದರೆ, ಸಿಕ್ಕ ಮುಂದಿನ ಸಂಚಿಕೆಯಲ್ಲಿ ಅವನು ಆಗಲೇ ಬೇರೊಂದು ದ್ವೀಪದಲ್ಲಿರುತ್ತಿದ್ದ. ಬೇತಾಳ ಕಥೆಗಳಿಗಂತೂ ಕ್ರಮದ ಹಂಗೇ ಇರಲಿಲ್ಲ. ಶಂಕರ್ ಅವರು ಬರೆದ ಆ ಚಿತ್ರದಲ್ಲಿ, ಹೆಗಲ ಮೇಲೆ ಶವವನ್ನು ಹೊತ್ತು ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ಛಲ ಬಿಡದ ತ್ರಿವಿಕ್ರಮ ಪ್ರತಿ ತಿಂಗಳೂ ಅದೇ ಮರದಿಂದ ಹೊರಟು ಅದೇ ಮರಕ್ಕೆ ಮರಳುತ್ತಿದ್ದ. ಕತ್ತಿ ಮತ್ತು ಮಂತ್ರ ಎದುರುಬದುರಾಗುವ ಕಥೆಗೆ 1961ರಲ್ಲಿ ಅಮೆರಿಕದ ಲೇಖಕ ಫ್ರಿಟ್ಜ್ ಲೈಬರ್ ‘ಸ್ವೋರ್ಡ್ ಆ್ಯಂಡ್ ಸಾರ್ಸರಿ’ ಎಂದು ಹೆಸರಿಟ್ಟರು. ನಮ್ಮ ಸೀಮೆಯ ಮಕ್ಕಳು ಆ ಹೆಸರನ್ನು ಕೇಳುವ ಮೊದಲೇ ಅಂಥ ಕಥೆಯ ರುಚಿ ಕಂಡಿದ್ದರು.

ಕಾನನ್‌ನನ್ನು ಸೃಷ್ಟಿಸಿದ ರಾಬರ್ಟ್ ಇ. ಹೋವರ್ಡ್ ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿದ್ದುಕೊಂಡು ಬರೆದವರು. 1906ರಲ್ಲಿ ಹುಟ್ಟಿದ ಅವರು 1936ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರು ಭಾರತವನ್ನು ಕಂಡವರಲ್ಲ. ಆದರೂ ನನ್ನ ಆ ಐದನೆಯ ಸಂಪುಟದ ಮೊದಲ ಕಥೆಯಲ್ಲಿ ‘ವೆಂಧ್ಯ’ ಎಂಬ ರಾಜ್ಯವಿತ್ತು, ‘ಹಿಮೇಲಿಯನ್’ ಪರ್ವತಗಳಿದ್ದವು, ದೇವಿ ಎಂಬ ಬಿರುದಿನ ರಾಣಿಯೊಬ್ಬಳಿದ್ದಳು. ಶಬ್ದಕೋಶವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ವಾಕ್ಯ ಬಿಡಿಸುತ್ತಿದ್ದ ಹುಡುಗನಿಗೆ ತನ್ನ ದೇಶದ ಹೆಸರುಗಳೇ ವೇಷ ಮರೆಸಿಕೊಂಡು ಎದುರಾದಾಗ ಆದ ರೋಮಾಂಚನವನ್ನು ನಾನು ಇಂದಿಗೂ ಮರೆತಿಲ್ಲ. ಹೋವರ್ಡ್ ಅವರ ಬರಹದಲ್ಲಿ ಕಪ್ಪು ಜನರ ಬಗ್ಗೆ, ಪೂರ್ವದೇಶದವರ ಬಗ್ಗೆ ಇರುವ ತಿರಸ್ಕಾರ ಆಗ ನನಗೆ ಕಾಣಲಿಲ್ಲ, ಈಗ ಕಾಣುತ್ತದೆ. ಕೆಲವು ಕಥೆಗಳನ್ನು ನಾನು ಮತ್ತೆ ಓದಲಾರೆ. ಹೋವರ್ಡ್ ಅವರ ಕಾನನ್ ಕಥೆಗಳು ಬರುತ್ತಿದ್ದ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿಯೇ 1934ರಲ್ಲಿ ಸಿ. ಎಲ್. ಮೂರ್ ಎಂಬ ಲೇಖಕಿ ಜಿರೆಲ್ ಎಂಬ ಕತ್ತಿ ಹಿಡಿದ ಹೆಣ್ಣನ್ನು ಸೃಷ್ಟಿಸಿದ್ದರು. ಅವಳ ಒಂದು ಪುಸ್ತಕವೂ ನಮ್ಮ ರದ್ದಿಗೆ ಬರಲಿಲ್ಲವೆಂಬ ಕೊರಗು ನನಗಿದೆ.

ಕಾಮಿಕ್ಸ್ ನನಗೆ ತಡವಾಗಿ ಸಿಕ್ಕವು. ಮಾರ್ವೆಲ್ ಸಂಸ್ಥೆ 1970ರಲ್ಲಿ ಬಣ್ಣದ ಕಾನನ್ ಕಾಮಿಕ್ಸ್ ಆರಂಭಿಸಿ, 1974ರಲ್ಲಿ ‘ಸ್ಯಾವೇಜ್ ಸ್ವೋರ್ಡ್ ಆಫ್ ಕಾನನ್’ ಎಂಬ ಕಪ್ಪು–ಬಿಳುಪಿನ ದೊಡ್ಡ ಆಕಾರದ ಪತ್ರಿಕೆಯನ್ನು ಹೊರತಂದಿತು. ಎರಡನೆಯದರ ಮೂರು ಸಂಚಿಕೆಗಳನ್ನು ಗದಗಿನ ನನ್ನ ಸೋದರಮಾವನ ಗೆಳೆಯರೊಬ್ಬರು ಮುಂಬಯಿಯಿಂದ ತಂದಿದ್ದರು. ಜಾನ್ ಬುಸೆಮಾ ಹಾಕಿದ ಪೆನ್ಸಿಲ್ ರೇಖೆಗಳ ಮೇಲೆ ಫಿಲಿಪ್ಪೀನ್ಸ್‌ನ ಆಲ್ಫ್ರೆಡೊ ಅಲ್ಕಾಲಾ ಶಾಯಿಯಲ್ಲಿ ಮಾಡಿದ ಕೆಲಸವನ್ನು ನೋಡಿದವರಿಗೆ ಬಣ್ಣದ ಹಂಬಲ ಉಳಿಯಲಾರದು. ಕಲ್ಲಿನ ಗೋಡೆಯೊಂದನ್ನು ಅವರು ಸಾವಿರಾರು ಎಳೆಗಳಿಂದ ನೇಯುತ್ತಾರೆ. ನೆರಳು ಅಲ್ಲಿ ಬಳಿದದ್ದಲ್ಲ, ಗೆರೆ ಗೆರೆಯಾಗಿ ಕೂಡಿಸಿದ್ದು. ಮಾವನ ಮನೆಯಲ್ಲಿ ಎರಡು ದಿನ ಕುಳಿತು ಅಂಥ ಒಂದು ಪುಟವನ್ನು ಟ್ರೇಸಿಂಗ್ ಕಾಗದದ ಮೇಲೆ ಇಳಿಸಲು ಹೋಗಿ ಅರ್ಧಕ್ಕೆ ಕೈ ಸೋತಿತು. ಆ ಅರ್ಧ ಪುಟ ಈಗಲೂ ನನ್ನಲ್ಲಿದೆ.

ಸಂಪುಟಗಳು ಬಿಡಿಬಿಡಿಯಾಗಿ ಸಿಕ್ಕದ್ದನ್ನು ನಾನು ಬಹುಕಾಲ ಒಂದು ಕೊರತೆಯೆಂದೇ ಬಗೆದಿದ್ದೆ. ಆ ಅಭಿಪ್ರಾಯ ಬದಲಾದದ್ದು ಹೋವರ್ಡ್ ಬರೆದ ಕ್ರಮದಲ್ಲಿಯೇ ಕಥೆಗಳನ್ನು ಜೋಡಿಸಿ 2003ರಲ್ಲಿ ಪ್ರಕಟವಾದ ಸಂಪುಟವನ್ನು ಓದಿದಾಗ. 1932ರ ಡಿಸೆಂಬರಿನಲ್ಲಿ ಅಚ್ಚಾದ ಮೊಟ್ಟಮೊದಲ ಕಥೆಯಲ್ಲಿ ಕಾನನ್ ಆಗಲೇ ನಡುವಯಸ್ಸಿನ ರಾಜ; ಸಿಂಹಾಸನ ಏರಿದವನು, ಅದರಿಂದ ದಣಿದವನು. ಕೆಲವೇ ತಿಂಗಳ ನಂತರ, 1933ರ ಮಾರ್ಚಿನಲ್ಲಿ ಬಂದ ಕಥೆಯಲ್ಲಿ ಅವನು ಗೋಪುರಕ್ಕೆ ಕನ್ನ ಹಾಕಲು ಹೊರಟ ಎಳೆಯ ಕಳ್ಳ. ಬದುಕನ್ನು ಅಲೆದಾಟದಲ್ಲಿ ಕಳೆದವನು ತನ್ನ ಕಥೆಗಳನ್ನು ನೆನಪಾದಂತೆ ಹೇಳುತ್ತಾನೆಯೇ ಹೊರತು ಕ್ರಮವಾಗಿ ಹೇಳುವುದಿಲ್ಲ ಎಂಬ ಅರ್ಥದ ಮಾತನ್ನು ಹೋವರ್ಡ್ ತಮ್ಮ ಕೊನೆಯ ವರ್ಷದ ಪತ್ರವೊಂದರಲ್ಲಿ ಬರೆದಿದ್ದಾರೆ. ಕಾನನ್‌ನ ವಯಸ್ಸಿನ ಕ್ರಮದಲ್ಲಿ ಒಂದರಿಂದ ಹನ್ನೆರಡರವರೆಗಿನ ಸಾಲನ್ನು ಕಟ್ಟಿದವರು 1966ರಿಂದ ಈ ಪೇಪರ್‌ಬ್ಯಾಕುಗಳನ್ನು ಸಂಪಾದಿಸಿದ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಅವರ ಜೊತೆಗಾರರು. ಅವರು ಕಥೆಗಳ ನಡುವೆ ಬೆಸುಗೆಯ ಟಿಪ್ಪಣಿಗಳನ್ನು ಸೇರಿಸಿದರು, ಅಪೂರ್ಣ ಹಸ್ತಪ್ರತಿಗಳನ್ನು ತಾವೇ ಮುಗಿಸಿದರು, ತೆರವಿದ್ದ ಕಡೆ ಹೊಸ ಕಥೆಗಳನ್ನೇ ಬರೆದರು. ನನ್ನ ಐದನೆಯ ಸಂಪುಟದ ಒಂದು ಕಥೆಯೂ ಹಾಗೆ ಡಿ ಕ್ಯಾಂಪ್ ಕೈಯಲ್ಲಿ ಮುಗಿದದ್ದು. ಅವರಿಲ್ಲದಿದ್ದರೆ ಹೋವರ್ಡ್ ಅವರ ಹೆಸರು ದುರ್ಗದಬೈಲಿನವರೆಗೆ ಬರುತ್ತಲೇ ಇರಲಿಲ್ಲವೇನೋ, ಆ ಋಣ ದೊಡ್ಡದು. ಆದರೆ ತಾಡಪತ್ರಿಯ ಮೇಲೆ ಬಂದದ್ದನ್ನು ಬಂದಂತೆ ಓದಿದ ನಾವು, ತಿಳಿಯದೆಯೇ, ಲೇಖಕರ ರೀತಿಗೆ ಹೆಚ್ಚು ಹತ್ತಿರವಾಗಿದ್ದೆವು. ಇವತ್ತು ರಾಜ, ನಾಳೆ ಕಳ್ಳ, ನಾಡಿದ್ದು ಕಡಲುಗಳ್ಳ. ನಡುವಿನ ವರ್ಷಗಳನ್ನು ನಾವೇ ತುಂಬಿಕೊಳ್ಳಬೇಕಿತ್ತು, ಸಂಜೆ ಕಟ್ಟೆಯ ಮೇಲೆ ಕುಳಿತು ಗೆಳೆಯರೆಲ್ಲ ತುಂಬಿಕೊಂಡೆವು ಕೂಡ.

ಕಳೆದ ತಿಂಗಳು ಧಾರವಾಡದ ರದ್ದಿ ಅಂಗಡಿಯೊಂದರಲ್ಲಿ ಹಳೆಯ ಗೈಡುಗಳ ಕಟ್ಟಿನೊಳಗಿಂದ ಎಂಟನೆಯ ಸಂಪುಟ, ‘ಕಾನನ್ ದಿ ಯೂಸರ್ಪರ್’, ಮುಖಪುಟವಿಲ್ಲದೆ ಸಿಕ್ಕಿತು. 1932ರ ಆ ಮೊದಲ ಕಥೆ ಇರುವುದು ಇದರಲ್ಲಿಯೇ. ಅಂಟು ಒಣಗಿ ಪುಟಗಳು ಕೈಗೆ ಬರುತ್ತಿದ್ದುದರಿಂದ ಅದನ್ನು ಹುಬ್ಬಳ್ಳಿಗೆ ಒಯ್ದು, ಕಾಲೇಜು ಹುಡುಗರ ಪ್ರಬಂಧಗಳಿಗೆ ರಟ್ಟು ಕಟ್ಟುವ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಪುಟಗಳನ್ನು ಒಂದೊಂದಾಗಿ ಎಣಿಸಿ, ದಾರದಿಂದ ಹೊಲಿದು, ಕಪ್ಪು ಬಟ್ಟೆಯ ಬೆನ್ನು ಹಚ್ಚಿದ ಮೇಲೆ, “ನಂಬರ್ ಎಷ್ಟ ಹಾಕ್ಲಿ ಸರ?” ಎಂದು ಕೇಳಿದರು.

“ನಂಬರ್ ಬ್ಯಾಡ್ರಿ, ಹೆಸರಷ್ಟ ಹಾಕ್ರಿ” ಎಂದೆ.